ಅಪ್ಪನ ಸಣ್ಣ ಕೋವಿ

ಪೊಲೀಸರು ಕೋವಿಯನ್ನು ವಾಪಸು ಕೊಟ್ಟಾಗ ಅದು ಪ್ಲಾಸ್ಟಿಕ್ ಚೀಲದಲ್ಲಿತ್ತು. ಹಿಡಿಯ ಸುತ್ತ ನಾನು ಕಡಲಿನ ಸೀಲ್ ಪ್ರಾಣಿಯ ತೊಗಲಿನ ಪಟ್ಟಿ ಸುತ್ತಿದ್ದೆನಲ್ಲ, ಅದರ ಮೇಲೆ ಚೀಟಿ ಅಂಟಿಸಿ ನಂಬರು ಬರೆದಿದ್ದರು. ಸಹಿ ಹಾಕಿ ಅಂದರು, ಹಾಕಿದೆ. ಕೊಟ್ಟವನು ದಕ್ಷಿಣದಿಂದ ಬಂದ ಎಳೆಯ ಅಧಿಕಾರಿ, ಒಳ್ಳೆಯವನೇ. "ಇಷ್ಟು ಸಣ್ಣ ಕೋವೀಲಿ ಬಿಳಿ ಕರಡಿ ಹೊಡೆಯೋಕೆ ಯಾರಾದ್ರೂ ಹೋಗ್ತಾರಾ?" ಎಂದು ಕೇಳಿದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ನಾನು "ಹೋಗ್ತಾರೆ" ಎಂದೆ. ಅದಕ್ಕಿಂತ ಹೆಚ್ಚು ಹೇಳಬೇಕಿತ್ತು. ಹೇಳದೆ ಇರುವುದರಲ್ಲಿ ನನ್ನಷ್ಟು ಪಳಗಿದವನು ಉತ್ತರದ ಈ ಹಿಮದ ಕರಾವಳಿಯಲ್ಲಿ ಇನ್ನೊಬ್ಬನಿಲ್ಲ.

ಕೋವಿ ಸಣ್ಣದು ಎನ್ನುವುದು ನಿಜವೇ. ಅದರ ತೋಟಾ ನನ್ನ ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ತುದಿಯ ಗುಂಡು ಸೀಲ್ ಮರಿಯ ಹಲ್ಲಿಗಿಂತ ದಪ್ಪವಿಲ್ಲ. ಪೇಟೆಯ ಜನ ಅದರಲ್ಲಿ ಮೊಲ ಹೊಡೆಯುತ್ತಾರಂತೆ. ನಾವು ಅದರಲ್ಲೇ ಸೀಲ್ ಹೊಡೆದೆವು, ಹಿಮಸಾರಂಗ ಹೊಡೆದೆವು, ಊರಿಗೆ ಊರೇ ಉಂಡಿತು. ತೋಟಾ ಹಗುರ, ಜಾರುಬಂಡಿಯಲ್ಲಿ ಎಷ್ಟು ಒಯ್ದರೂ ಭಾರವಿಲ್ಲ. ತೊಗಲು ಹರಿಯುವುದಿಲ್ಲ, ಮಾಂಸ ಛಿದ್ರವಾಗುವುದಿಲ್ಲ, ಸದ್ದಿಗೆ ಇಡೀ ಹಿಂಡು ಗುಡ್ಡ ದಾಟುವುದಿಲ್ಲ. ಒಂದೇ ಕಷ್ಟವೆಂದರೆ ಹತ್ತಿರ ಹೋಗಬೇಕು. ದೊಡ್ಡ ಕೋವಿಯವನು ಅಷ್ಟು ದೂರದಿಂದ ಢಂ ಎನಿಸಿ ಮೀಸೆ ತಿರುವಬಹುದು. ಸಣ್ಣ ಕೋವಿಯವನು ಗಾಳಿ ನೋಡಿಕೊಂಡು, ಹೊಟ್ಟೆಯ ಮೇಲೆ ತೆವಳಿ, ಪ್ರಾಣಿಯ ರೆಪ್ಪೆ ಕಾಣುವಷ್ಟು ಹತ್ತಿರವಾಗಿ, ಕಿವಿಯ ಹಿಂದಿನ ಹೆಬ್ಬೆರಳಗಲ ಜಾಗಕ್ಕೆ ಹೊಡೆಯಬೇಕು. ತಪ್ಪಿದರೆ ಎರಡನೆಯ ಅವಕಾಶವನ್ನು ಪ್ರಾಣಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಕೋವಿ ನನ್ನ ಅಪ್ಪನದು. ಅವನ ಹೆಸರು ಉತ್ತಕ್. ಅವನು ತೀರಿಕೊಂಡ ನಾಲ್ಕನೆಯ ತಿಂಗಳಿಗೆ ನಮಗೆ ಮಗಳು ಹುಟ್ಟಿದಳು. ಏನು ಹೆಸರಿಡೋಣ ಎಂಬ ಮಾತೇ ಮನೆಯಲ್ಲಿ ಏಳಲಿಲ್ಲ. ಉತ್ತಕ್ ಎಂದೆವು. ನಮ್ಮಲ್ಲಿ ಗಂಡು ಹೆಸರು ಹೆಣ್ಣು ಹೆಸರು ಎಂಬ ಭೇದವಿಲ್ಲ, ಸತ್ತವರ ಹೆಸರು ಯಾವ ಮಗುವಿಗೆ ಹೋಯಿತೋ ಆ ಮಗುವಿನೊಳಗೆ ಸತ್ತವರೂ ಬಂದು ಕೂರುತ್ತಾರೆ. ಹಾಗಾಗಿ ನಾನು ನನ್ನ ಮಗಳನ್ನು ಅಪ್ಪ ಎಂದು ಕರೆದೆ, ಅವಳು ನನ್ನನ್ನು ಮಗ ಎಂದು ಕರೆದಳು. ನನ್ನ ಹೆಂಡತಿ ರೈಗಿಲಿ, ಹೆತ್ತ ತಾಯಿ, ಅವಳಿಗೆ ಸೊಸೆ. ಮೂರು ವರ್ಷದ ಪೋರಿ ತಟ್ಟೆ ಮುಂದಿಟ್ಟುಕೊಂಡು, "ಸೊಸೇ, ಇನ್ನೊಂಚೂರು ಮೀನು ಹಾಕು. ನನ್ನ ಮಗಂಗೂ ಹಾಕು, ಸೊರಗಿ ಹೋಗಿದಾನೆ" ಎನ್ನುವಳು. ರೈಗಿಲಿ ನಗು ತಡೆದುಕೊಂಡು, "ಆಯ್ತು ಮಾವನೋರೇ" ಎಂದು ಬಡಿಸುವಳು. ಅಂಥ ಮಗುವನ್ನು ನಾವು ಬೈಯುವುದಿಲ್ಲ, ಯಾವುದಕ್ಕೂ ಬೇಡವೆನ್ನುವುದಿಲ್ಲ. ಸ್ವಂತ ಅಪ್ಪನಿಗೆ ಬೇಡ ಎನ್ನುವ ಬಾಯಿ ಯಾರಿಗಿದೆ?

ಹದಿನಾಲ್ಕು ತುಂಬಿದಾಗ ಅವಳು ಕೋವಿ ಕೇಳಿದಳು. "ಮಗಾ, ನಾನು ಸತ್ತಾಗ್ಲಿಂದ ನೀನೇ ಇಟ್ಕೊಂಡಿದೀಯ. ಸಾಕು, ನನ್ನ ಕೋವಿ ನಂಗೆ ಕೊಡು." ಕೊಟ್ಟೆ. ಆ ವರ್ಷವೇ ಹಿಮಸಾರಂಗದ ಹತ್ತಿರ ಹದಿನೆಂಟು ಹೆಜ್ಜೆಯವರೆಗೆ ಹೋಗಿ ಒಂದೇ ಗುಂಡಿನಲ್ಲಿ ಕೆಡವಿದಳು. ನಾನು ಹಿಂದೆ ಬಂಡೆಯ ಮರೆಯಲ್ಲಿ ಮಲಗಿ ನೋಡುತ್ತಿದ್ದೆ. ಕಾಲ್ಬೆರಳು ಒಳಗೆ ತಿರುಗಿಸಿ ನಡೆಯುವ ರೀತಿ ಥೇಟು ಅಪ್ಪನದೇ. ನನಗೆ ಅಳು ಬಂತು. ಸಂತೋಷಕ್ಕೆ ಬಂದದ್ದು.

ಅವಳಿಗೆ ನಾನು ಹೇಳುತ್ತಿದ್ದ ಒಂದು ಕಥೆ ಇತ್ತು. ನೂರು ಸಲ ಹೇಳಿರಬೇಕು. ಅವಳಿಗೊಬ್ಬಳಿಗೇ ಅಲ್ಲ, ಊರಿಗೆಲ್ಲ ಹೇಳಿದ್ದೇನೆ.

ನನಗೆ ಹದಿಮೂರು ವರ್ಷ. ಅಪ್ಪನೂ ನಾನೂ ಹಿಮದ ಅಂಚಿಗೆ ಹೋಗಿದ್ದೆವು, ಗಟ್ಟಿ ಹಿಮ ಮುಗಿದು ಕಡಲು ಕಪ್ಪಗೆ ಕಾಣುವ ಜಾಗಕ್ಕೆ. ಅಲ್ಲಿ ಗಂಡು ಕರಡಿ. ಎದ್ದು ನಿಂತರೆ ನಮ್ಮ ಈಗಿನ ಮನೆಯ ಸೂರಿಗೆ ತಲೆ ತಾಗುವಂಥದ್ದು. ಅಪ್ಪ ನನ್ನನ್ನು ಬಂಡಿಯ ಮೇಲೆ ಕೂರಿಸಿ, ಅಲುಗಬೇಡ ಎಂದು ಹೇಳಿ, ಈ ಸಣ್ಣ ಕೋವಿ ಹಿಡಿದು ಹೊರಟ. ಓಡಲಿಲ್ಲ, ಬಗ್ಗಲಿಲ್ಲ, ಪಕ್ಕದ ಮನೆಗೆ ಚಹಾ ಕುಡಿಯಲು ಹೋಗುವವನ ಹಾಗೆ ನಡೆದ. ಕರಡಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತ. ಕರಡಿ ತಿರುಗಿಯೂ ನೋಡಲಿಲ್ಲ. ಕಿವಿಯ ಹಿಂದೆ ಒಂದು ಗುಂಡು. ಅದು ಕೂತಲ್ಲೇ ಮುಂಗಾಲಿನ ಮೇಲೆ ತಲೆಯಿಟ್ಟು ಮಲಗಿತು.

'ತಿರುಗಿಯೂ ನೋಡಲಿಲ್ಲ' ಎಂದ ಮೇಲೆ ನಾನು ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದೆ. ಕೇಳುವವರು ಉಸಿರು ಹಿಡಿದಿರುತ್ತಿದ್ದರು. ಕೆಲವು ಪ್ರಾಣಿಗಳು ಕೆಲವು ಬೇಟೆಗಾರರಿಗೆ ತಾವಾಗಿಯೇ ಒಪ್ಪಿಸಿಕೊಳ್ಳುತ್ತವೆ ಎಂದು ನಂಬುವ ಜನ ನಾವು. ಹಾಗಾಗಿ ಯಾರೂ ಹುಬ್ಬೇರಿಸಲಿಲ್ಲ, ತಲೆಯಾಡಿಸಿದರು. ಅಪ್ಪ ದೊಡ್ಡವನಾದ. ಅವನ ಹೆಸರು ಹೊತ್ತ ನನ್ನ ಮಗಳೂ ದೊಡ್ಡವಳಾದಳು. ಹೇಳುವಾಗ ನನಗೂ ಸುಖವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಉತ್ತಕ್ ಒಂದೇ ಒಂದು ಸಲ ಅಡ್ಡ ಪ್ರಶ್ನೆ ಕೇಳಿದಳು. ಆಗ ಅವಳಿಗೆ ಆರು ವರ್ಷ, ನನ್ನ ತೊಡೆಯ ಮೇಲೆ ಕೂತಿದ್ದಳು.

"ಮಗಾ, ನನ್ನ ನಾಯಿಗಳು ಆಗ ಎಲ್ಲಿದ್ವು?"

"ಬಂಡಿ ಹತ್ರ ಕಟ್ಟಿ ಹಾಕಿದ್ದೆಯಲ್ಲ ಅಪ್ಪ. ನೀನೇ ಕಟ್ಟಿ ಹಾಕಿದ್ದೆ."

ಅವಳು ನೆನಪಾದವಳಂತೆ ತಲೆಯಾಡಿಸಿದಳು. ಮತ್ತೆಂದೂ ಕೇಳಲಿಲ್ಲ.

ಕಟ್ಟಿ ಹಾಕಿರಲಿಲ್ಲ. ಅಪ್ಪ ಬಾರು ಬಿಚ್ಚಿ ಒಂಬತ್ತನ್ನೂ ಬಿಟ್ಟಿದ್ದ. ಕರಡಿಯನ್ನು ನಿಲ್ಲಿಸಿದ್ದು ಅವೇ. ಸುತ್ತುಗಟ್ಟಿ, ಹಿಂಗಾಲು ಕಚ್ಚಿ, ಹಾರಿ ಹಿಂದೆ ಸರಿದು, ಮತ್ತೆ ಕಚ್ಚಿ ಅದನ್ನು ಕುಂಡೆಯ ಮೇಲೆ ಕೂರಿಸಿದವು. ಎಡಗಡೆಯದಕ್ಕೆ ಪಂಜ ಬೀಸಿದರೆ ಬಲಗಡೆಯದು ಬಾಯಿ ಹಾಕುವುದು. ಒಂದರ ಪಕ್ಕೆಲುಬು ಮುರಿಯಿತು, ಇನ್ನೊಂದರ ಕಿವಿ ಹರಿದು ಹೋಯಿತು. ಅಂಥ ಗದ್ದಲದಲ್ಲಿ ಅಪ್ಪನ ಕಡೆ ನೋಡಲು ಕರಡಿಗೆ ಪುರುಸೊತ್ತು ಎಲ್ಲಿತ್ತು? ಸಣ್ಣ ಕೋವಿಯಲ್ಲಿ ಕರಡಿ ಹೊಡೆದ ನಮ್ಮ ಹಿರಿಯರು ಹೊಡೆದದ್ದು ಹೀಗೆಯೇ. ಅರ್ಧ ಕೆಲಸ ಕೋವಿಯದಲ್ಲ, ನಾಯಿಗಳದು.

ಮತ್ತೆ ಕಥೆಯಿಂದ ನಾಯಿಗಳನ್ನು ಯಾಕೆ ಬಿಟ್ಟೆ ಎಂದರೆ, ಅದಾಗಿ ನಾಲ್ಕು ವರ್ಷಕ್ಕೆ ನಮ್ಮ ಬಿಡಾರಕ್ಕೆ ನಾಯಿರೋಗ ಬಂತು. ಅಪ್ಪ ಎದೆರೋಗಕ್ಕೆಂದು ಹಡಗು ಹತ್ತಿ ದಕ್ಷಿಣದ ಆಸ್ಪತ್ರೆಗೆ ಹೋಗಿದ್ದ. ನಾಯಿಗಳು ಬಾಯಲ್ಲಿ ನೊರೆ ಸುರಿಸುತ್ತ ನಿಂತಲ್ಲೇ ಸುತ್ತುತ್ತಿದ್ದವು. ಮಕ್ಕಳನ್ನು ಕಚ್ಚುವ ಮೊದಲು ಮುಗಿಸಬೇಕಿತ್ತು, ಬಿಡಾರದಲ್ಲಿದ್ದ ಗಂಡಸು ನಾನೊಬ್ಬನೇ. ಇದೇ ಕೋವಿ. ಒಂಬತ್ತು ತೋಟಾ. ಮುಂದಾಳು ನಾಯಿಯನ್ನು ಕೊನೆಗೆ ಉಳಿಸಿಕೊಂಡೆ. ಅದಕ್ಕೆ ರೋಗ ಹತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಕೈಯಲ್ಲಿ ಕೋವಿ ನೋಡಿ, ಬೇಟೆಗೆ ಹೊರಟೆವೆಂದು ಬಾಲ ಆಡಿಸಿತು.

ಅಪ್ಪ ವಾಪಸು ಬಂದು ಖಾಲಿ ಸರಪಳಿಯ ಮುಂದೆ ಸ್ವಲ್ಪ ಹೊತ್ತು ನಿಂತ. ಏನೂ ಕೇಳಲಿಲ್ಲ. ಆಮೇಲೆ ನಮ್ಮಲ್ಲಿ ಆ ನಾಯಿಗಳ ಹೆಸರನ್ನು ಯಾರೂ ಎತ್ತಲಿಲ್ಲ. ಕರಡಿಯ ಕಥೆ ಹೇಳುವುದನ್ನೂ ಅಪ್ಪ ಬಿಟ್ಟುಬಿಟ್ಟ. ಒಂದು ದಿನ ಬಂದ ನೆಂಟರು ಒತ್ತಾಯ ಮಾಡಿದಾಗ ನಾನೇ ಹೇಳಿದೆ, ನಾಯಿಗಳನ್ನು ಬಿಟ್ಟು. ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಅಪ್ಪ ತಲೆಯೆತ್ತಿ ನನ್ನ ಮುಖ ನೋಡಿದ. ತಿದ್ದಲಿಲ್ಲ. ಆವತ್ತಿನಿಂದ ಕಥೆ ಹಾಗೆಯೇ ಉಳಿಯಿತು.

ಈಗ, ಪೊಲೀಸರು ಕೋವಿ ಒಯ್ದ ಆ ಏಪ್ರಿಲ್ ತಿಂಗಳಿಗೆ ಬರುತ್ತೇನೆ. ಉತ್ತಕ್‌ಗೆ ಇಪ್ಪತ್ತಾರು. ಆಸ್ಪತ್ರೆಯಲ್ಲಿ ಮುದುಕರ ಮಾತನ್ನು ನಮ್ಮ ಭಾಷೆ ಬಾರದ ನರ್ಸಿಗೆ ತಿಳಿಸಿ ಹೇಳುವ ಕೆಲಸ ಅವಳದು, ರಜೆ ಸಿಕ್ಕರೆ ಹಿಮದ ಮೇಲೆ. ವರ್ಷಕ್ಕೆ ಇಷ್ಟೇ ಕರಡಿ ಎಂದು ಊರಿಗೆ ಲೆಕ್ಕವಿದೆ. ಬೇಟೆಗಾರರ ಸಂಘದವರು ಸಭಾಂಗಣದಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಯಿಂದ ಚೀಟಿ ಎತ್ತುತ್ತಾರೆ. ಹೆಸರು ಬಂದವರಿಗೆ ಎರಡು ದಿನ ಅವಕಾಶ, ಅಷ್ಟರಲ್ಲಿ ಆಗದಿದ್ದರೆ ಚೀಟಿ ಮುಂದಿನವರಿಗೆ. ಎಂಟು ವರ್ಷದಿಂದ ಹೆಸರು ಕೊಡುತ್ತ ಬಂದವಳ ಚೀಟಿ ಆ ವರ್ಷ ಬಂತು. "ಉತ್ತಕ್!" ಎಂದು ಓದಿದ ಕೂಡಲೇ ಹಿಂದಿನಿಂದ ಒಬ್ಬ ಅಜ್ಜಿ, "ಮುದುಕ ಮತ್ತೆ ಕರಡಿಗೆ ಹೊರಟ ನೋಡ್ರೋ!" ಎಂದು ಕೂಗಿದಳು. ಸಭಾಂಗಣವೆಲ್ಲ ನಕ್ಕಿತು. ನಾನೂ ನಕ್ಕೆ.

ಮರುದಿನ ಬೆಳಿಗ್ಗೆ ಅವಳು ಬಾಗಿಲ ಹೊರಗೆ ಸಾಮಾನು ಕಟ್ಟುತ್ತಿದ್ದಳು. ಜೊತೆಗೆ ಹೊರಟವನು ತಮೂಸಿ, ರೈಗಿಲಿಯ ಅಣ್ಣನ ಮಗ. ಹಿಮದ ಬೈಕಿಗೆ ಬಂಡಿ ಜೋಡಿಸುತ್ತಿದ್ದ. ಗುರಿಕಾರ, ನಂಬಿಕಸ್ಥ. ಅವನ ಹೆಂಡತಿ ಎಲಿಸಾಪಿಗೆ ಆಗ ಆರು ತಿಂಗಳು. ಉತ್ತಕ್ ಸಣ್ಣ ಕೋವಿಯನ್ನು ತೊಗಲಿನ ಚೀಲಕ್ಕೆ ಇಳಿಸುವುದನ್ನು ನೋಡಿ ನಾನು ಒಳಗಿಂದ ನನ್ನ ದೊಡ್ಡ ಕೋವಿ ತಂದೆ.

"ಇದನ್ನ ತಗೊಂಡು ಹೋಗು ಅಪ್ಪ."

"ಯಾಕೆ, ನನ್ನ ಕೋವಿಗೆ ಏನಾಗಿದೆ?"

"ಕರಡಿ ಕಣೇ ಅದು. ಹಿಮಸಾರಂಗ ಅಲ್ಲ."

"ಕಣೇ ಅಂತೆ! ಕೇಳಿದ್ಯಾ ಸೊಸೇ, ನಿನ್ನ ಗಂಡ ಹೆತ್ತಪ್ಪಂಗೆ ಕಣೇ ಅಂತಾನೆ." ಒಳಗೆ ರೈಗಿಲಿ ನಗುವುದು ಕೇಳಿತು. ಉತ್ತಕ್ ನನ್ನ ಕೋವಿಯನ್ನು ಮೆಲ್ಲಗೆ ಗೋಡೆಗೆ ಒರಗಿಸಿಟ್ಟಳು. "ನಾನೇನು ಹೊಸಬನಾ? ಇದ್ರಲ್ಲೇ ಒಂದ್ಸಲ ಹೊಡೆದಿದೀನಿ, ಮರೆತುಬಿಟ್ಯಾ ಮಗಾ? ನೀನೇ ಬಂಡಿ ಮೇಲೆ ಕೂತು ನೋಡ್ತಿದ್ದೆ."

ತಮೂಸಿ ಬಾಯಿ ಹಾಕಿದ. "ಬಿಡಿ ಮಾವ, ನಾನಿದೀನಲ್ಲ. ಇವಳ ಸೊಳ್ಳೆ ಕೋವಿ ಕೈಕೊಟ್ರೆ ನನ್ನ ಫಿರಂಗಿ ಇದೆ."

"ನಿನ್ನ ಫಿರಂಗಿ ಹಾರಿದ್ರೆ ಆಮೇಲೆ ಮಾಂಸ ಆಯೋಕೆ ಪೊರಕೆ ಬೇಕು" ಎಂದಳು ಅವಳು.

ಆಗ ಹೇಳಬೇಕಿತ್ತು. ಬಾಯಿ ತೆರೆದೆ. ನಾಯಿ ಎಂಬ ಎರಡಕ್ಷರ, ಅಷ್ಟೇ. ಅದನ್ನು ಹೇಳಿದರೆ ಅವಳು ಮುಂದಿನದನ್ನು ಕೇಳುತ್ತಿದ್ದಳು. ನನ್ನ ನಾಯಿಗಳಿಗೆ ಏನಾಯ್ತು ಮಗಾ, ಎಂದು ಅಪ್ಪನ ಕಣ್ಣಿನಿಂದಲೇ ನೋಡುತ್ತ ಕೇಳುತ್ತಿದ್ದಳು. ನನ್ನಪ್ಪ ಬದುಕಿದ್ದಾಗ ಕೇಳದೆ ಬಿಟ್ಟದ್ದನ್ನು ಈಗ ಕೇಳುತ್ತಾನೆಂದು ನಾನು ಹೆದರಿದೆ. ಅರವತ್ತೈದು ವರ್ಷದ ಮುದುಕ, ಬಾಲ ಆಡಿಸಿದ ಒಂದು ನಾಯಿಗೆ ಹೆದರಿ ಬಾಯಿ ಮುಚ್ಚಿಕೊಂಡೆ. ಅದರ ಬದಲು ಹೇಳಿದ್ದೇನು ಗೊತ್ತೇ?

"ಹತ್ತಿರ ಹೋಗು" ಎಂದೆ. "ಚೆನ್ನಾಗಿ ಹತ್ತಿರ ಹೋಗು. ಕಿವಿ ಹಿಂದೆ ಹೊಡಿ."

"ಗೊತ್ತು ಮಗಾ." ಅವಳು ಬಗ್ಗಿ ನನ್ನ ಕೆನ್ನೆಗೆ ಮೂಗು ಒತ್ತಿ ಜೋರಾಗಿ ಉಸಿರೆಳೆದಳು, ಚಿಕ್ಕಂದಿನಿಂದ ನಾನು ಅವಳಿಗೆ ಮಾಡುತ್ತಿದ್ದ ಹಾಗೆ. "ಚಹಾ ಕಮ್ಮಿ ಕುಡಿ. ನಾನು ಬರೋಷ್ಟರಲ್ಲಿ ಡಬ್ಬಿ ಖಾಲಿ ಮಾಡ್ಬೇಡ." ಬೈಕುಗಳು ಕೊಲ್ಲಿಯ ಮೇಲೆ ಚುಕ್ಕಿಯಾಗುವವರೆಗೂ ನಾನು ಅಲ್ಲೇ ನಿಂತಿದ್ದೆ.

ಮೊದಲ ಕರಡಿಯ ಮಾಂಸವನ್ನು ಹೊಡೆದವರು ಇಟ್ಟುಕೊಳ್ಳುವಂತಿಲ್ಲ, ಊರಿಗೆಲ್ಲ ಹಂಚಬೇಕು. ರೈಗಿಲಿ ಅಂಗಡಿಯಿಂದ ದೊಡ್ಡ ರಟ್ಟಿನ ಪೆಟ್ಟಿಗೆ ತಂದು, ಬಿಡಿಸಿ, ಅಡಿಗೆಮನೆಯ ನೆಲಕ್ಕೆ ಹಾಸಿದಳು. ಮಾಂಸ ಅದರ ಮೇಲೆ, ಜನ ಅದರ ಸುತ್ತ. ಅರ್ಧಚಂದ್ರದ ಚಾಕುಗಳನ್ನು ಮಸೆದು ಸಾಲಾಗಿ ಇಟ್ಟಳು. ಊರ ರೇಡಿಯೋದವಳಿಗೆ ಫೋನು ಮಾಡಿ, "ನಾಳೆ ನಾನು ಹೇಳಿದ ತಕ್ಷಣ ಎಲ್ರನ್ನೂ ಕರೀಬೇಕು, ತಿಳೀತಾ? ನಮ್ಮ ಮಾವನೋರ ಮೊದಲ ಕರಡಿ" ಎಂದಳು. "ಎರಡನೇದು" ಎಂದೆ ನಾನು. "ಹೂಂ, ಎರಡನೇದು" ಎಂದು ನಕ್ಕಳು. ಅವಳಿಗೂ ಆ ಕಥೆಯ ಮೇಲೆ ಅಷ್ಟೇ ನಂಬಿಕೆ. ಬೇರೆ ಬಿಡಾರದಿಂದ ಮದುವೆಯಾಗಿ ಬಂದವಳು, ನಾಯಿಗಳು ಹೋದ ಎಷ್ಟೋ ವರ್ಷದ ಮೇಲೆ.

ಕರಡಿ ಸಿಕ್ಕವರು ಊರು ಸುತ್ತು ಹಾಕಿಕೊಂಡು ಬರುತ್ತಾರೆ, ಎಲ್ಲರಿಗೂ ಕಾಣಲಿ ಎಂದು. ಎರಡನೆಯ ದಿನ ಮಧ್ಯಾಹ್ನ ತಮೂಸಿಯ ಬೈಕು ಒಂದೇ ಬಂತು. ಸುತ್ತು ಹಾಕಲಿಲ್ಲ. ಮೆಲ್ಲಗೆ, ನೇರವಾಗಿ ಆಸ್ಪತ್ರೆಯ ಕಡೆ ತಿರುಗಿತು. ಕಿಟಕಿಯಲ್ಲಿದ್ದ ರೈಗಿಲಿ ಕೋಟು ಕೂಡ ಹಾಕಿಕೊಳ್ಳದೆ ಹೊರಗೆ ಓಡಿದಳು. ನಾನು ರಟ್ಟು ತುಳಿಯದಂತೆ ಸುತ್ತಿ ಬಳಸಿ ಹೋದೆ. ಅಂಥ ಹೊತ್ತಿನಲ್ಲೂ ರಟ್ಟು ತುಳಿಯಬಾರದೆಂದು ಯಾಕೆ ಅನ್ನಿಸಿತೋ ತಿಳಿಯದು.

ಬಂಡಿಯ ಮೇಲೆ ಉತ್ತಕ್‌ಳನ್ನು ಹಿಮಸಾರಂಗದ ತೊಗಲು ಹೊದಿಸಿ ಕಟ್ಟಿ ತಂದಿದ್ದ. ನರ್ಸು ಒಳಗೆ ಒಯ್ದಳು, ಐದು ನಿಮಿಷಕ್ಕೆ ಹೊರಗೆ ಬಂದಳು. ಅವಳ ಮಾತನ್ನು ನಮಗೆ ತಿಳಿಸಿ ಹೇಳಬೇಕಾದವಳು ಒಳಗೆ ಮಲಗಿದ್ದಳು. ಯಾರೂ ತಿಳಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತಮೂಸಿ ಹೇಳಿದ. ಅವನ ಹಲ್ಲು ಕಟಕಟ ಎನ್ನುತ್ತಿತ್ತು.

"ಕರಡಿ ಸೀಲ್ ತಿಂತಾ ಕೂತಿತ್ತು ಮಾವ. ಅವಳು ಎಂಜಿನ್ ಆಫ್ ಮಾಡ್ಸಿದ್ಲು. 'ನೀನು ಇಲ್ಲೇ ಇರು, ಇಬ್ರು ಹೋದ್ರೆ ತಿರುಗುತ್ತೆ' ಅಂದ್ಲು. ಬಗ್ಗಲೂ ಇಲ್ಲ, ಸುಮ್ನೆ ನಡಕೊಂಡು ಹೋದ್ಲು. ಹತ್ತು ಹೆಜ್ಜೆ ಇರ್ಬೋದು. ಅದು ತಿರುಗ್ತು. ಅವಳು ಹೊಡೆದ್ಲು. ತಗುಲ್ತು, ನಾನು ನೋಡ್ದೆ, ಹಣೆಗೇ ತಗುಲ್ತು. ಬುರುಡೆಗೆ ಬಡಿದು ತೊಗಲಿನೊಳಗೇ ಜಾರ್ಕೊಂಡು ಹೋಗಿತ್ತು ಮಾವ, ನಾನು ಅದನ್ನ ಕೆಡವಿದ ಮೇಲೆ ನೋಡ್ದೆ. ಇನ್ನೊಂದು ಹೊಡೆದ್ಲು, ಭುಜಕ್ಕೆ. ಅದಕ್ಕೇನೂ ಆಗ್ಲಿಲ್ಲ. ನಾನು ಹೊಡೀಬೇಕಿತ್ತು. ಅವಳು ಅಡ್ಡ ಇದ್ಲು. ಪಕ್ಕಕ್ಕೆ ಓಡೋಷ್ಟರಲ್ಲಿ..."

ರೈಗಿಲಿ ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅವನು ನನ್ನ ಕಡೆ ನೋಡಿದ.

"ಬಂಡಿ ಮೇಲೆ ಒಂದ್ಸಲ ಮಾತಾಡಿದ್ಲು. 'ಮಗಂಗೆ ಹೇಳು, ಅದು ತಿರುಗಿ ನೋಡ್ತು' ಅಂದ್ಲು. ಅಷ್ಟೇ."

ಸಮಾಧಿಯ ದಿನ ಪಾದ್ರಿ ಆ ಮಾತನ್ನು ಎತ್ತಿಕೊಂಡ. ಕಾಡುಮೃಗವೂ ನಮ್ಮ ಉತ್ತಕ್‌ಳ ಧೈರ್ಯವನ್ನು ತಿರುಗಿ ನೋಡಿತು ಎಂದ. ಜನ ಬಿಕ್ಕಿದರು. ಅದು ಬೆರಗಿನ ಮಾತೆಂದು ಎಲ್ಲರೂ ತಿಳಿದರು. ನನಗೊಬ್ಬನಿಗೆ ಗೊತ್ತಿತ್ತು. ಅದು ದೂರು ಕೂಡ ಆಗಿರಲಿಲ್ಲ. ನೀನು ಹೇಳಿದ ಹಾಗೇ ನಡೆದೆ, ಹತ್ತಿರ ಹೋದೆ, ಆದರೂ ತಿರುಗಿ ನೋಡಿತಲ್ಲ, ನಾನೇನು ತಪ್ಪು ಮಾಡಿದೆ ಎಂದು ನನ್ನ ಮಗಳು ನನ್ನನ್ನು ಕೇಳಿ ಕಳಿಸಿದ್ದಳು. ರಕ್ತ ಸೋರುತ್ತ ಬಂಡಿಯ ಮೇಲೆ ಮಲಗಿ, ತಪ್ಪು ತನ್ನದೆಂದೇ ಯೋಚಿಸುತ್ತ ಸತ್ತಿದ್ದಳು. ಅವಳಿಗೆ ಉತ್ತರ ಕೊಡಬೇಕಾದವನು ಅವಳ ಮೇಲೆ ಕಲ್ಲು ಪೇರಿಸುತ್ತ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಅಡಿಗೆಮನೆಯ ರಟ್ಟನ್ನು ರೈಗಿಲಿ ಒಂದು ವಾರ ಎತ್ತಲಿಲ್ಲ. ಆಮೇಲೊಂದು ದಿನ ನೋಡಿದರೆ ಇರಲಿಲ್ಲ. ಚಾಕುಗಳನ್ನೂ ಒಳಗಿಟ್ಟಿದ್ದಳು.

ತಮೂಸಿ ತನ್ನ ದೊಡ್ಡ ಕೋವಿಯನ್ನು ಬಟ್ಟೆಯಲ್ಲಿ ಸುತ್ತಿ ನಮ್ಮ ಬಾಗಿಲ ಒಳಗೆ ಇಟ್ಟು ಹೋದ. "ನಂಗೆ ಬೇಡ ಮಾವ. ನೋಡೋಕಾಗಲ್ಲ." ಬೇಸಿಗೆಯೆಲ್ಲ ಅವನು ಹಿಮದ ಕಡೆ, ದೋಣಿಯ ಕಡೆ ತಲೆಹಾಕಲಿಲ್ಲ. ಅವನ ಮನೆಯಲ್ಲಿ ಅಂಗಡಿಯ ಕೋಳಿ ಬೇಯುತ್ತಿತ್ತು. ದಾರಿಯಲ್ಲಿ ಸಿಕ್ಕರೆ ನನ್ನ ಕಾಲು ನೋಡಿಕೊಂಡು ಮಾತಾಡುತ್ತಿದ್ದ. ತಾನು ಹಿಂದೆ ನಿಂತದ್ದೇ ತಪ್ಪು, ಕೂಗದೆ ಇದ್ದದ್ದೇ ತಪ್ಪು ಎಂದು ಅವನು ಕೊರಗುವುದನ್ನು ಮೇ, ಜೂನ್, ಜುಲೈ ಮೂರು ತಿಂಗಳು ನಾನು ಕಣ್ಣಾರೆ ನೋಡಿದೆ. ನನ್ನದನ್ನು ಅವನು ಹೊತ್ತಿದ್ದ. ಇಳಿಸು ಎಂದು ನಾನು ಹೇಳಲಿಲ್ಲ. ನನ್ನ ಬಗ್ಗೆ ನನಗಿರುವ ಹೇಸಿಗೆಗೆ ಅದೊಂದೇ ಸಾಕು.

ಆಗಸ್ಟ್ ತಿಂಗಳಲ್ಲಿ ಎಲಿಸಾಪಿ ಮಗುವನ್ನು ತನ್ನ ಕೋಟಿನ ಬೆನ್ನಿಗಿರುವ ದೊಡ್ಡ ಕುಲಾವಿಯೊಳಗೆ ಹಾಕಿಕೊಂಡು ಮನೆಗೆ ಬಂದಳು. ಗಂಡು ಮಗು, ಹುಟ್ಟಿ ಮೂರು ವಾರ. ತಮೂಸಿ ಅವಳ ಹಿಂದೆ ಬಾಗಿಲಲ್ಲೇ ನಿಂತ. ರೈಗಿಲಿ ಚಹಾ ಕಾಯಿಸಿ ದಪ್ಪ ರೊಟ್ಟಿ ಮುರಿದು ಮುಂದಿಟ್ಟಳು. ಎಲಿಸಾಪಿ ಮುಟ್ಟಲಿಲ್ಲ.

"ಅತ್ತೆ, ಹೆಸರು ಕೇಳೋಕೆ ಬಂದೆ" ಎಂದಳು. "ಹೊಟ್ಟೇಲಿದ್ದಾಗ್ಲೇ ಕನಸಲ್ಲಿ ಬಂದು ಕೇಳಿದಾಳೆ. 'ಜಾಗ ಇದ್ಯಾ' ಅಂದ್ಲು. ನಾನು ಇದೆ ಅಂದೆ. ಇವ್ರು ಒಪ್ತಿಲ್ಲ."

"ಕೊಡ್ಬೇಡಿ" ಎಂದ ತಮೂಸಿ. "ಆ ಹೆಸರು ನಮ್ಮನೇಗೆ ಬರಲ್ಲ ಅತ್ತೆ. ಬಂದ್ರೂ ನನ್ನ ಮಗ ದಿನಾ ಬೆಳಿಗ್ಗೆ ಎದ್ದು ನನ್ನ ಮುಖ ನೋಡ್ತಾನೆ. ಯಾಕೆ ಹಿಂದೆ ನಿಂತ್ಕೊಂಡೆ ಅಂತ ಕೇಳ್ತಾನೆ. ನಾನೇನು ಹೇಳ್ಲಿ?"

ಅವನು ಹೇಳಿದ್ದು ನನ್ನ ಮಾತೇ. ಏಪ್ರಿಲ್‌ನ ಆ ಬೆಳಿಗ್ಗೆ ಬಾಗಿಲಲ್ಲಿ ನಿಂತು ನಾನು ಹೆದರಿದ್ದು ಇದಕ್ಕೇ. ನಾನು ಹೇಡಿಯಾದದ್ದಕ್ಕೆ ಒಂದು ಹೆಸರು ಕಲ್ಲಿನಡಿ ಹೋಯಿತು, ಈಗ ಅದು ಹೊರಗೆ ಬರಲು ಜಾಗ ಕೇಳಿದರೆ ಅದಕ್ಕೂ ಅಡ್ಡ ಕೂತಿದ್ದೆ.

"ನಾಯಿಗಳಿದ್ವು" ಎಂದೆ.

ಮೂವರೂ ನನ್ನ ಕಡೆ ನೋಡಿದರು.

"ಅಪ್ಪ ಕರಡಿ ಹೊಡೆದಾಗ ನಾಯಿಗಳಿದ್ವು. ಕಟ್ಟಿ ಹಾಕಿರ್ಲಿಲ್ಲ. ಕರಡಿನ ಹಿಡಿದಿಟ್ಟಿದ್ದು ಅವು. ಅದಕ್ಕೇ ಅದು ತಿರುಗ್ಲಿಲ್ಲ. ನಾನು ಸುಳ್ಳು ಹೇಳ್ದೆ. ಎಲ್ರಿಗೂ ಹೇಳ್ದೆ, ಅವಳಿಗೂ ಹೇಳ್ದೆ. ಅವಳು ಅದನ್ನ ನಂಬ್ಕೊಂಡು ಹೋದ್ಲು. ತಮೂಸಿ, ನಿನ್ನದೇನೂ ಇಲ್ಲಪ್ಪ ಇದ್ರಲ್ಲಿ. ನಾಯಿ ಇಲ್ದೆ ಆ ಕೋವೀಲಿ ನನ್ನಪ್ಪ ಹೋಗಿದ್ರೂ ಹಾಗೇ ಆಗ್ತಿತ್ತು."

ಆಮೇಲೆ ರೋಗದ ವಿಷಯ ಹೇಳಿದೆ. ಒಂಬತ್ತು ತೋಟಾದ ವಿಷಯ, ಬಾಲದ ವಿಷಯ. ತಮೂಸಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಕುಸಿದು, ಮುಖ ಮುಚ್ಚಿಕೊಂಡು ಅತ್ತ. ಎಲಿಸಾಪಿ ಹೋಗಿ ಅವನ ಪಕ್ಕ ಕೂತಳು.

ರೈಗಿಲಿ ಎದ್ದು ಹೋಗಿ ನಮಗೆ ಬೆನ್ನು ಹಾಕಿ ಬಟ್ಟಲು ತೊಳೆಯತೊಡಗಿದಳು. ತೊಳೆದ ಬಟ್ಟಲನ್ನೇ ಮತ್ತೆ ತೊಳೆದಳು. ನಲವತ್ತು ವರ್ಷ ಜೊತೆಗೆ ಬಾಳಿದ ಹೆಂಗಸು. ಬೈಯಲಿ, ತಿರುಗಿ ಬಂದು ಹೊಡೆಯಲಿ ಎಂದು ಕಾದೆ.

"ಆವತ್ತು ಬೆಳಿಗ್ಗೆ ನಾನು ಒಳಗೆ ನಗ್ತಾ ಇದ್ದೆ" ಎಂದಳು ಕೊನೆಗೆ, ತಿರುಗದೆಯೇ. "ಒಂದು ಮಾತು ನಂಗೆ ಹೇಳಿದ್ರೆ ಸಾಕಿತ್ತು. ನಾನು ಅವಳ ಕಾಲಿಗೆ ಬಿದ್ದಾದ್ರೂ ತಡೀತಿದ್ದೆ."

"ಹೌದು" ಎಂದೆ.

"ನಿನ್ನ ಕ್ಷಮಿಸೋಕೆ ನಂಗೆ ಬರತ್ತೋ ಇಲ್ವೋ ಗೊತ್ತಿಲ್ಲ."

"ಹೌದು" ಎಂದೆ ಮತ್ತೆ.

ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು. ಆಮೇಲೆ ಅವಳು ಅದನ್ನು ನಿಲ್ಲಿಸಿದಳು. "ಅವುಗಳ ಹೆಸರೇನು?"

"ಯಾವುದ್ರದು?"

"ನಾಯಿಗಳದು. ಹೇಳು."

ನಲವತ್ತೆಂಟು ವರ್ಷದಿಂದ ನಾಲಗೆಗೆ ಬಾರದ ಹೆಸರುಗಳು. ಮರೆತಿರಬಹುದು ಎಂದುಕೊಂಡೆ. ಮರೆತಿರಲಿಲ್ಲ. ಪಮಿಯುಕ್, ಕಾಜುಕ್, ಸಿಯುತಿ ಎಂದು ಶುರು ಮಾಡಿದೆ. ಒಂದೊಂದಕ್ಕೂ ರೈಗಿಲಿ ಹೂಂ ಎಂದಳು. ಕೊನೆಗೆ ಮುಂದಾಳು ನಾಯಿಯ ಹೆಸರು ಉಳಿಯಿತು. "ತಾಕುಲಿಕ್" ಎಂದೆ. "ಕಣ್ಣಿನ ಮೇಲೆ ಎರಡು ಬಿಳಿ ಚುಕ್ಕೆ ಇತ್ತು."

ಆಗ ಅವಳು ಕೈ ಒರೆಸಿಕೊಂಡು ಬಂದು, ಎಲಿಸಾಪಿಯ ಕುಲಾವಿಯಿಂದ ಮಗುವನ್ನು ಎತ್ತಿ, ಅದರ ಕೆನ್ನೆಗೆ ಮೂಗು ಒತ್ತಿ ಉಸಿರೆಳೆದಳು. "ಮಾವನೋರೇ" ಎಂದಳು. ಆಮೇಲೆ, ಕೇಳಿಸಿಯೂ ಕೇಳಿಸದ ಹಾಗೆ, "ಮಗಳೇ" ಎಂದಳು. ಅಲ್ಲಿಗೆ ಹೆಸರು ಕೊಟ್ಟಂತಾಯಿತು. ಬಾಗಿಲ ಬಳಿ ತಮೂಸಿ ತಲೆಯೆತ್ತಿ ನೋಡಿದ. ಬೇಡವೆನ್ನಲಿಲ್ಲ. ರೈಗಿಲಿ ಮಗುವನ್ನು ತಂದು, ನನ್ನ ಮುಖ ನೋಡದೆ, ನನ್ನ ತೊಡೆಯ ಮೇಲೆ ಇಟ್ಟಳು.

ಒಂದು ಹಿಡಿ ಮಗು. ನನ್ನ ಅಪ್ಪ, ನನ್ನ ಮಗಳು. ಎಲ್ಲಿ ಬಿಟ್ಟುಬಿಡುತ್ತೇನೋ ಎಂದು ಮೊಣಕಾಲು ಜೋಡಿಸಿ ಕೂತೆ. ಬಗ್ಗಿ ಅದರ ಕಿವಿಯ ಹತ್ತಿರ ಬಾಯಿ ತಂದೆ.

"ಅಪ್ಪಾ" ಎಂದೆ. "ನೀನೇನೂ ತಪ್ಪು ಮಾಡ್ಲಿಲ್ಲ. ನಾಯಿಗಳನ್ನ ಕಟ್ಟಿ ಹಾಕಿರ್ಲಿಲ್ಲ."

ದನಿ ಬಂದ ಕಡೆಗೆ ಮಗು ಮೆಲ್ಲಗೆ ಕತ್ತು ಹೊರಳಿಸಿತು. ತಿರುಗಿ ನನ್ನನ್ನು ನೋಡಿತು. ಅಷ್ಟು ಹತ್ತಿರದಲ್ಲಿ ನನಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಕಥೆಯನ್ನು ಮೊದಲಿನಿಂದ ಹೇಳತೊಡಗಿದೆ.